ಪ್ಯಾರಾಥೈರಾಯ್ಡ್ ಶಸ್ತ್ರಚಿಕಿತ್ಸೆಯ ನಂತರದ ಕ್ಯಾಲ್ಸಿಯಂ ಕುಸಿತ: ಮುನ್ನಂದಾಜಿನ ಚರಿತ್ರೆ

ಕುತ್ತಿಗೆಯಲ್ಲಿ ಥೈರಾಯ್ಡ್‌ನ ಹಿಂಬದಿಗೆ ಅಂಟಿಕೊಂಡಿರುವ, ತೊಗರಿಕಾಳಿನಷ್ಟು ಗಾತ್ರದ ಗ್ರಂಥಿಗಳು ಪ್ಯಾರಾಥೈರಾಯ್ಡ್‌ಗಳು. ಸಾಮಾನ್ಯವಾಗಿ ನಾಲ್ಕಿರುತ್ತವೆ. ರಕ್ತದ ಕ್ಯಾಲ್ಸಿಯಂ ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ನಡುವೆ ನಿಲ್ಲುವಂತೆ ನೋಡಿಕೊಳ್ಳುವುದು ಇವು ಸ್ರವಿಸುವ ಪಿಟಿಎಚ್ ಹಾರ್ಮೋನು. ಒಂದು ಗ್ರಂಥಿ ಗಡ್ಡೆಯಾಗಿ ಬೆಳೆದು ಪಿಟಿಎಚ್ ಅತಿಯಾದರೆ ಎಲುಬಿನ ಕ್ಯಾಲ್ಸಿಯಂ ಕರಗಿ ರಕ್ತಕ್ಕೆ ಸೇರುತ್ತದೆ. ಎಲುಬು ಟೊಳ್ಳಾಗುತ್ತದೆ, ಕಿಡ್ನಿಯಲ್ಲಿ ಕಲ್ಲು ಕಟ್ಟುತ್ತದೆ. ಗಡ್ಡೆ ತೆಗೆಯುವುದೇ ಖಚಿತ ಚಿಕಿತ್ಸೆ. ತೆಗೆದ ಮೇಲೆ ಕ್ಯಾಲ್ಸಿಯಂ ಇಳಿಯಲೇಬೇಕು. ಎಷ್ಟು ಇಳಿದೀತು, ಯಾರಿಗೆ ಅಪಾಯವಾದೀತು ಎಂದು ಮೊದಲೇ ಅಳೆಯುವ ಪ್ರಯತ್ನಕ್ಕೆ ನೂರು ವರ್ಷದ ಚರಿತ್ರೆಯಿದೆ.

ಈ ಗ್ರಂಥಿ ಮೊದಲು ಕಣ್ಣಿಗೆ ಬಿದ್ದದ್ದು ಭಾರತದ ಘೇಂಡಾಮೃಗದಲ್ಲಿ. 1849ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸತ್ತ ಆ ಪ್ರಾಣಿಯನ್ನು ಕೊಯ್ದು ನೋಡಿದ ರಿಚರ್ಡ್ ಓವನ್ ಅದನ್ನು ಗುರುತಿಸಿದರು. ಮನುಷ್ಯನಲ್ಲಿ ವಿವರಿಸಿದವರು ಸ್ವೀಡನ್ನಿನ ಉಪ್ಸಲಾದ ಇವಾರ್ ಸಾಂಡ್‌ಸ್ಟ್ರೋಮ್; ಪ್ರಕಟಣೆ 1880ರದು. ಅಷ್ಟರಲ್ಲಿ ವಿಯೆನ್ನಾದಲ್ಲಿ ಸರ್ಜನ್ ಬಿಲ್‌ರೋತ್ ಅವರ ಬಳಿ ಥೈರಾಯ್ಡ್ ಪೂರ್ತಿ ತೆಗೆಸಿಕೊಂಡವರ ಕೈಕಾಲು ಸೆಟೆಯುವುದು ಕಂಡುಬಂದಿತ್ತಾದರೂ ಕಾರಣ ಯಾರಿಗೂ ಹೊಳೆದಿರಲಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗುವುದರಿಂದಲೇ ಹೀಗಾಗುತ್ತದೆ, ಕ್ಯಾಲ್ಸಿಯಂ ಕೊಟ್ಟರೆ ಸೆಟೆತ ಬಿಡುತ್ತದೆ ಎಂದು 1909ರಲ್ಲಿ ಅಮೆರಿಕದ ಮೆಕ್ಯಾಲಮ್ ಮತ್ತು ವೋಗ್ಟ್ಲಿನ್ ತೋರಿಸಿದರು.

ಪ್ಯಾರಾಥೈರಾಯ್ಡ್ ಗಡ್ಡೆಯನ್ನು ಮೊದಲು ತೆಗೆದವರು ವಿಯೆನ್ನಾದ ಫೆಲಿಕ್ಸ್ ಮಾಂಡ್ಲ್, 1925ರಲ್ಲಿ. ರೋಗಿ ಒಬ್ಬ ಟ್ರಾಮ್ ಕಂಡಕ್ಟರ್. ಆದರೆ ಮುನ್ನಂದಾಜಿನ ಕಥೆ ನಿಜವಾಗಿ ಶುರುವಾಗುವುದು ಬೋಸ್ಟನ್ನಿನಲ್ಲಿ, ಹಡಗಿನ ಕಪ್ತಾನ ಚಾರ್ಲ್ಸ್ ಮಾರ್ಟೆಲ್ ಅವರಿಂದ. ಎಲುಬು ಸವೆದು ಅವರ ಎತ್ತರವೇ ಕುಗ್ಗಿತ್ತು. 1926ರಿಂದ ಆರು ಸಲ ಶಸ್ತ್ರಚಿಕಿತ್ಸೆ ಮಾಡಿದರೂ ಗಡ್ಡೆ ಸಿಗಲಿಲ್ಲ. 1932ರಲ್ಲಿ ಏಳನೆಯ ಸಲ ಎದೆಗೂಡಿನೊಳಗೆ ಸಿಕ್ಕಿತು. ಅದನ್ನು ಪೂರ್ತಿ ಕಿತ್ತರೆ ಕ್ಯಾಲ್ಸಿಯಂ ನೆಲಕಚ್ಚೀತು ಎಂದು ಸರ್ಜನ್ ಚರ್ಚಿಲ್ ಮತ್ತು ಕೋಪ್ ಮೊದಲೇ ಲೆಕ್ಕಹಾಕಿ, ರಕ್ತನಾಳದ ಸಮೇತ ಸಣ್ಣ ತುಣುಕೊಂದನ್ನು ಉಳಿಸಿದರು. ಅಂದಾಜಿನ ದಿಕ್ಕು ಸರಿಯಿತ್ತು, ಅಳತೆ ಸಾಲಲಿಲ್ಲ. ಮೂರು ದಿನದೊಳಗೆ ಸೆಟೆತ ಬಂದೇಬಿಟ್ಟಿತು. ಕೆಲವು ವಾರಗಳ ನಂತರ ಮೂತ್ರನಾಳದ ಕಲ್ಲಿಗೆ ಶಸ್ತ್ರಚಿಕಿತ್ಸೆಯಾಗಿ, ಗಂಟಲು ಬಿಗಿದು ಕಪ್ತಾನರು ತೀರಿಕೊಂಡರು.

ಉಳಿಸಿದ ತುಣುಕು ಯಾಕೆ ಸಾಲಲಿಲ್ಲ? ಉತ್ತರ ಸಿಕ್ಕಿದ್ದು ಅದೇ ಊರಿನ ಫುಲ್ಲರ್ ಆಲ್‌ಬ್ರೈಟ್ ಅವರಿಂದ. ವರ್ಷಗಟ್ಟಲೆ ಕ್ಯಾಲ್ಸಿಯಂ ಕಳೆದುಕೊಂಡ ಎಲುಬು, ಹಾರ್ಮೋನಿನ ಹಿಡಿತ ತಪ್ಪಿದೊಡನೆ ರಕ್ತದಿಂದ ಕ್ಯಾಲ್ಸಿಯಂ, ರಂಜಕ, ಮೆಗ್ನೀಸಿಯಂಗಳನ್ನು ಎಳೆದುಕೊಳ್ಳುತ್ತದೆ. 1948ರಲ್ಲಿ ಅವರೂ ರೈಫೆನ್‌ಸ್ಟೈನ್ ಅವರೂ ಇದನ್ನು ‘ಹಸಿದ ಎಲುಬು’ ಎಂದು ಬಣ್ಣಿಸಿದರು. ಕುಸಿತಕ್ಕೆ ಇನ್ನೊಂದು ಕಾರಣವೂ ಉಂಟು: ಗಡ್ಡೆಯ ಅಬ್ಬರದಲ್ಲಿ ಇಷ್ಟು ದಿನ ಸುಮ್ಮನಿದ್ದ ಉಳಿದ ಗ್ರಂಥಿಗಳು ತಕ್ಷಣ ಕೆಲಸಕ್ಕೆ ಇಳಿಯುವುದಿಲ್ಲ. ಎರಡನ್ನೂ ಬೇರ್ಪಡಿಸುವ ಸುಲಭದ ಗುರುತು ರಂಜಕ. ಎಲುಬು ಹಸಿದಿದ್ದರೆ ಕ್ಯಾಲ್ಸಿಯಂ ಜೊತೆ ರಂಜಕವೂ ಇಳಿಯುತ್ತದೆ. ಗ್ರಂಥಿ ಸೋತಿದ್ದರೆ ರಂಜಕ ಏರುತ್ತದೆ.

ಬಹುಕಾಲ ವಾರ್ಡಿನ ಭರವಸೆಯೆಲ್ಲ ಎರಡು ಕೈಪರೀಕ್ಷೆಗಳ ಮೇಲಿತ್ತು. ಒಂದು, ಕಿವಿಯ ಮುಂದೆ ಬೆರಳಿನಿಂದ ತಟ್ಟಿ ತುಟಿಯ ಅಂಚು ಅದುರುತ್ತದೆಯೇ ನೋಡುವ ಖ್ವೋಸ್ಟೆಕ್ ಚಿಹ್ನೆ. ಆರೋಗ್ಯವಂತರಲ್ಲೂ ಕೆಲವರಿಗೆ ಅದು ಅದುರುತ್ತದೆ, ಹಾಗಾಗಿ ನಂಬಿಕೆಗೆ ಅಷ್ಟು ಯೋಗ್ಯವಲ್ಲ. ಇನ್ನೊಂದು ಟ್ರೂಸೋ ಚಿಹ್ನೆ. ಬಿಪಿ ಪಟ್ಟಿ ತೋಳಿಗೆ ಕಟ್ಟಿ, ಮೇಲಿನ ಬಿಪಿಗಿಂತ ತುಸು ಹೆಚ್ಚು ಗಾಳಿ ತುಂಬಿ ಮೂರು ನಿಮಿಷ ಬಿಡಬೇಕು. ಕ್ಯಾಲ್ಸಿಯಂ ಕಡಿಮೆಯಿದ್ದರೆ ಮಣಿಕಟ್ಟು ಬಾಗಿ, ಬೆರಳುಗಳು ನೆಟ್ಟಗಾಗಿ ಒಂದಕ್ಕೊಂದು ಕೂಡಿ, ಹೆಬ್ಬೆರಳು ಅಂಗೈಯೊಳಗೆ ಸರಿಯುತ್ತದೆ. ಹೀಗೆ ಕಾಣುವ ಹೊತ್ತಿಗೆ ಕುಸಿತ ಆಗಿಹೋಗಿರುತ್ತದೆ. ಇದನ್ನು ಮುನ್ಸೂಚನೆ ಎನ್ನಲಾಗದು.

1963ರಲ್ಲಿ ಬರ್ಸನ್ ಮತ್ತು ಯಾಲೋ ರಕ್ತದ ಪಿಟಿಎಚ್ ಅಳೆಯುವ ವಿಧಾನ ಕೊಟ್ಟರು. 1988ರಲ್ಲಿ ಬ್ರೇಸಿಯರ್ ಮತ್ತು ನುಸ್‌ಬಾಮ್ 198 ರೋಗಿಗಳ ದಾಖಲೆ ತೆರೆದು ನೋಡಿದರು. ಸುಮಾರು ಎಂಟರಲ್ಲಿ ಒಬ್ಬರಿಗೆ ಎಲುಬಿನ ಹಸಿವು ಕಾಡಿತ್ತು. ಅವರು ಹಿಡಿದ ಸುಳಿವುಗಳು ನಾಲ್ಕು: ಗಡ್ಡೆಯ ಗಾತ್ರ, ರಕ್ತದ ಯೂರಿಯಾ, ಆಲ್ಕಲೈನ್ ಫಾಸ್ಫಟೇಸ್ (ಎಲುಬಿನ ಚಟುವಟಿಕೆ ಹೆಚ್ಚಿದಾಗ ರಕ್ತದಲ್ಲಿ ಏರುವ ಕಿಣ್ವ), ವಯಸ್ಸು. ಇವುಗಳಲ್ಲಿ ಆಲ್ಕಲೈನ್ ಫಾಸ್ಫಟೇಸ್ ತಾಲ್ಲೂಕು ಲ್ಯಾಬಿನಲ್ಲೂ ಆಗುವ ಅಗ್ಗದ ಪರೀಕ್ಷೆ. ನಮ್ಮ ಕಡೆಗೆ ಅದಕ್ಕೇ ಮಹತ್ವ ಹೆಚ್ಚು. ಮುಂದೆ ಮಿಯಾಮಿಯ ಅರ್ವಿನ್, ಗಡ್ಡೆ ತೆಗೆದ ಹತ್ತು ನಿಮಿಷದಲ್ಲಿ ಪಿಟಿಎಚ್ ಅರ್ಧಕ್ಕಿಳಿದರೆ ಶಸ್ತ್ರಚಿಕಿತ್ಸೆ ಸಫಲ ಎಂಬ ಸೂತ್ರ ಬಳಕೆಗೆ ತಂದರು. ಅದು ಗಡ್ಡೆ ಹೋಯಿತೇ ಎಂದು ಹೇಳುತ್ತದೆ. ಎಲುಬು ಎಷ್ಟು ಹಸಿದಿದೆ ಎಂದು ಹೇಳುವುದಿಲ್ಲ.

ಪಶ್ಚಿಮದಲ್ಲಿ 1970ರ ದಶಕದಿಂದ ಯಂತ್ರದ ರಕ್ತಪರೀಕ್ಷೆಯಲ್ಲೇ ಕ್ಯಾಲ್ಸಿಯಂ ಏರಿಕೆ ಗೊತ್ತಾಗುತ್ತ, ಎಲುಬು ಕೆಡುವ ಮೊದಲೇ ಗಡ್ಡೆ ತೆಗೆಯುವುದು ಸಾಧ್ಯವಾಯಿತು. ಹಸಿದ ಎಲುಬು ಅಲ್ಲಿ ಅಪರೂಪವಾಯಿತು. ಭಾರತದ ವರದಿಗಳಲ್ಲಿ ಚಿತ್ರ ಬೇರೆ: ಎಲುಬು ನೋವು, ಮುರಿತ, ದವಡೆಯ ಊತ ಆದ ಮೇಲೆ ಬರುವವರೇ ಹೆಚ್ಚು, ಜೊತೆಗೆ ವಿಟಮಿನ್ ಡಿ ಕೊರತೆ. ಆದ್ದರಿಂದ ಹೊರಗಿನ ಸೂತ್ರವನ್ನು ಹಾಗೇ ತಂದು ಇಲ್ಲಿ ಅನ್ವಯಿಸುವುದು ತಪ್ಪು. ಕುಡಿಯುವ ನೀರೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ: ಗದಗ ಜಿಲ್ಲೆಯ ಮುಂಡರಗಿ ಭಾಗದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಫ್ಲೋರೈಡಿನಿಂದ ಎಲುಬು ಕೆಟ್ಟವರಲ್ಲಿ ಪ್ಯಾರಾಥೈರಾಯ್ಡ್‌ಗಳು ತಾವಾಗಿಯೇ ಹೆಚ್ಚು ದುಡಿಯುವುದನ್ನು 1973ರಲ್ಲಿ ತೇವತಿಯಾ ದಂಪತಿ ವರದಿ ಮಾಡಿದ್ದರು. ಅಂಥವರಲ್ಲಿ ಪಿಟಿಎಚ್ ಏರಿದ ಮಾತ್ರಕ್ಕೆ ಗಡ್ಡೆಯಿದೆ ಎನ್ನಲಾಗದು. ಹೀಗಾಗಿ ಈ ಭಾಗದಲ್ಲಿ ರೋಗಿ ಯಾವ ಊರಿನ ನೀರು ಕುಡಿದವರು ಎಂಬ ಪ್ರಶ್ನೆಯೂ ತಪಾಸಣೆಯ ಭಾಗವಾಗಬೇಕು. ಊಟದಿಂದ ಸಿಗುವ ಕ್ಯಾಲ್ಸಿಯಂನ ಲೆಕ್ಕವೂ ಧಾನ್ಯಕ್ಕೆ ತಕ್ಕಂತೆ ಬೇರೆ: ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದ್ದರೆ, ಜೋಳದಲ್ಲಿ ಮೂವತ್ತೂ ಇಲ್ಲ.

ಈಗಿನ ರೂಢಿಯಲ್ಲಿ ಆಲ್ಕಲೈನ್ ಫಾಸ್ಫಟೇಸ್, ಪಿಟಿಎಚ್, ವಿಟಮಿನ್ ಡಿ, ಎಕ್ಸ್‌ರೇ ಇವನ್ನು ಒಟ್ಟಿಗೆ ತೂಗುತ್ತಾರೆ. ಡಯಾಲಿಸಿಸ್ ರೋಗಿಗಳಲ್ಲಿ ಅಪಾಯ ಹೆಚ್ಚು. ವಿಟಮಿನ್ ಡಿ ಕೊರತೆಯನ್ನು ಸಾಧ್ಯವಾದಷ್ಟೂ ಮೊದಲೇ ತುಂಬುತ್ತಾರೆ. ಅಪಾಯವಿರುವವರಿಗೆ ಲಕ್ಷಣ ಕಾಣುವ ಮುನ್ನವೇ ಕ್ಯಾಲ್ಸಿಯಂ, ಕ್ಯಾಲ್ಸಿಟ್ರಿಯಾಲ್ (ವಿಟಮಿನ್ ಡಿಯ ಸಕ್ರಿಯ ರೂಪ) ಮಾತ್ರೆ ಶುರುಮಾಡುತ್ತಾರೆ. ಕ್ಯಾಲ್ಸಿಯಂ ತಳ ಮುಟ್ಟುವುದು ಹೆಚ್ಚಾಗಿ ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ. ಮರುದಿನವೇ ಡಿಸ್ಚಾರ್ಜ್ ಆಗಿ ಊರಿಗೆ ಬಸ್ಸು ಹತ್ತುವವರು ಮುಂದಿನ ರಕ್ತಪರೀಕ್ಷೆಯ ತಾರೀಖನ್ನು ಕೇಳಿ ಬರೆಸಿಕೊಳ್ಳಬೇಕು. ಬಾಯಿ ಸುತ್ತ ಅಥವಾ ಬೆರಳ ತುದಿಯಲ್ಲಿ ಜುಮುಜುಮು ಎಂದರೆ ಬೆಳಗಾಗಲೆಂದು ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಬೇಕು.