ಪೂರಿಗಾಲಿ ಸೀಮೆ: ಏರಿ ಯಾರದು, ಹೊಣೆ ಯಾರದು?

ಪೂರಿಗಾಲಿ ಮಳವಳ್ಳಿ ತಾಲ್ಲೂಕಿನ ಊರು. ಕಾವೇರಿ ದೂರವೇನಲ್ಲ, ಆದರೆ ಹೊಳೆ ತಗ್ಗಿನಲ್ಲಿ, ಹೊಲ ದಿಣ್ಣೆಯ ಮೇಲೆ. ನದಿ ಪಕ್ಕದಲ್ಲೇ ಹರಿದರೂ ಇಲ್ಲಿಯವರು ಮುಗಿಲು ನೋಡಿಕೊಂಡೇ ರಾಗಿ, ಹುರುಳಿ ಬಿತ್ತುತ್ತ ಬಂದವರು. ಕನ್ನಂಬಾಡಿಯ ವಿಶ್ವೇಶ್ವರಯ್ಯ ನಾಲೆ ತಾಲ್ಲೂಕಿಗೆ ಬಂದರೂ ಎತ್ತರದ ಹೊಲಗಳಿಗೆ ಅದರ ನೀರು ಹತ್ತಲಿಲ್ಲ. ಹೊಳೆ ನೀರನ್ನು ಮೇಲೆತ್ತಿ ಪೈಪಿನಲ್ಲಿ ಹೊಲ ಮುಟ್ಟಿಸುವ ಹನಿ ನೀರಾವರಿ ಯೋಜನೆ ಹುಟ್ಟಿದ್ದು ಇಂಥ ಕೊರತೆಯಿಂದ. ಅದಕ್ಕೆ ಪೂರಿಗಾಲಿಯ ಹೆಸರೇ ಬಂತು.

ಪೈಪು, ಪಂಪು ಬರುವ ಮೊದಲು ಈ ಸೀಮೆಯನ್ನು ಸಾಕಿದ್ದು ಕೆರೆ, ಕಟ್ಟೆ. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ, ಈ ನಾಡಿನಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂದು 1866ರಲ್ಲೇ ಬೆರಗಾಗಿ ಬರೆದಿದ್ದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೂ ಕೆಳಕ್ಕೆ. ಕೆರೆಗಳ ಈ ಸಾಲೇ ನಾಡಿನ ಜಾಣ್ಮೆ. ಅಪಾಯವೂ ಅದರೊಳಗೇ ಇದೆ: ಮೇಲಿನ ಒಂದು ಸಣ್ಣ ಕಟ್ಟೆ ಒಡೆದರೆ ಕೆಳಗಿನ ಏರಿಗಳು ಒಂದರ ಹಿಂದೊಂದು ಹೋಗಬಹುದು.

ಆ ಏರಿಗಳೆಲ್ಲ ಅರಸರು ಕಟ್ಟಿಸಿದವಲ್ಲ. ಗೌಡರು, ಸೆಟ್ಟರು, ಗುಡಿಯವರು, ಕೆಲವೆಡೆ ಒಬ್ಬಿಬ್ಬರು ರೈತರೇ ಕಟ್ಟಿಸಿದವು ಬೇಕಾದಷ್ಟು. ಕೆರೆ ಕಟ್ಟಿಸಿದವನಿಗೆ, ನೋಡಿಕೊಳ್ಳುವವನಿಗೆ ಕಂದಾಯವಿಲ್ಲದೆ ಬಿಟ್ಟುಕೊಟ್ಟ ನೆಲಕ್ಕೆ ಕಟ್ಟುಕೊಡಗೆ ಎನ್ನುತ್ತಿದ್ದರು. ಕೆರೆಯ ರಿಪೇರಿಗೆಂದೇ ಬಿಟ್ಟ ನೆಲ ಬಿತ್ತುವಟ್ಟ. ಪಕ್ಕದ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಕಾಳಿ ಎಂಬ ನಾಯಿಯ ಶೌರ್ಯ ಹೇಳುವ ಕ್ರಿ.ಶ. 950ರ ಸುಮಾರಿನ ಕಲ್ಲಿನಲ್ಲೂ ದಾನ ಕೊಟ್ಟ ನೆಲದ ಗುರುತು ಊರ ಹಿರಿಯ ಕೆರೆಯ ಕೆಳಗೇ ಇದೆ. ಈ ಕಟ್ಟಳೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ದಾನವಲ್ಲ. ಕೊಡಗೆಯ ಗದ್ದೆ ಅದೇ ಕೆರೆಯ ಅಚ್ಚುಕಟ್ಟಿನಲ್ಲಿದ್ದರೆ, ಏರಿ ಒಡೆದಾಗ ಮೊದಲು ಕೊಚ್ಚಿಹೋಗುವುದು ನೋಡಿಕೊಳ್ಳುವವನದೇ ಬೆಳೆ. ಅವನನ್ನು ಎಚ್ಚರಿಸಲು ಇನ್ನೊಬ್ಬ ಅಧಿಕಾರಿ ಬೇಕಿರಲಿಲ್ಲ.

ಈ ಸೀಮೆಯಲ್ಲಿ ಖಾಸಗಿ ಕೈಗಳು ಹೊಳೆಗೂ ಇಳಿದಿದ್ದವು. ತಿರುಚಿನಾಪಳ್ಳಿಯ ರಾಮಸ್ವಾಮಿ ಮೊದಲಿಯಾರ್ 1830ರ ಆಸುಪಾಸಿನಲ್ಲಿ ಶಿವನಸಮುದ್ರದ ಕಾವೇರಿ ಕವಲುಗಳಿಗೆ ಕಲ್ಲುಕಂಬದ ಸೇತುವೆ ಕಟ್ಟಿಸಿ, ಅದಕ್ಕಾಗಿ ಜಹಗೀರು ಪಡೆದರು. ಅವುಗಳಲ್ಲೊಂದರ ಒಂದು ಭಾಗ 2018ರ ಪ್ರವಾಹಕ್ಕೆ ಸಿಕ್ಕಿ ಹೋಯಿತು.

ಸ್ವಾತಂತ್ರ್ಯ ಬಂದ ಮೇಲೆ 1954 ಮತ್ತು 1955ರ ಕಾಯ್ದೆಗಳು ಇನಾಮುಗಳನ್ನು ತೆಗೆದವು. 1961ರ ಕಾಯ್ದೆ ಹಳ್ಳಿಯ ವಂಶಪಾರಂಪರ್ಯ ಹುದ್ದೆಗಳನ್ನು ರದ್ದು ಮಾಡಿತು. ಉಳುವವನಿಗೆ ನೆಲ ಸಿಕ್ಕಿದ್ದು ನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ತೂಬು ಎತ್ತುತ್ತ, ಮಳೆಗಾಲದಲ್ಲಿ ಏರಿ ಮೇಲೆ ಓಡಾಡುತ್ತ ಇದ್ದ ನೀರುಗಂಟಿಯ ಜಾಗಕ್ಕೆ ಯಾರೂ ಬರಲಿಲ್ಲ. ಈಗ 40 ಹೆಕ್ಟೇರಿಗಿಂತ ಹೆಚ್ಚಿನ ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕದು ಪಂಚಾಯತಿಗೆ. ಪಟ್ಟಾ ಜಮೀನಿನಲ್ಲಿ ಹಳ್ಳಕ್ಕೆ ಅಡ್ಡಲಾಗಿ ರೈತನೇ ಎಬ್ಬಿಸಿದ ಕಟ್ಟೆ? ಅದನ್ನು ನೋಡುವವನು ಅವನೊಬ್ಬನೇ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಖಾಸಗಿ ಮಾಲೀಕರನ್ನೂ ಹೊಣೆ ಮಾಡುತ್ತದೆ. ಆದರೆ ಅದು 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ. 10ರಿಂದ 15 ಮೀಟರಿನವು ಒಳಗೆ ಬರಬೇಕಾದರೆ 10 ಲಕ್ಷ ಘನಮೀಟರ್ ನೀರು ಹಿಡಿಯುವಂಥ ಯಾವುದಾದರೊಂದು ಲಕ್ಷಣ ಇರಬೇಕು. ಎರಡಾಳೆತ್ತರದ ಹೊಲದ ಕಟ್ಟೆ ಆ ಲೆಕ್ಕಕ್ಕೇ ಬರುವುದಿಲ್ಲ. ಕೆಳಗೆ ಮನೆಯಿರಲಿ, ಶಾಲೆಯಿರಲಿ.

ಮಣ್ಣಿನ ಏರಿ ಒಮ್ಮೆಲೇ ಒಡೆಯುವುದು ಕಡಿಮೆ. ಹಿಂದೆ ಮಣ್ಣುಕೆಲಸದಲ್ಲಿ ಪಳಗಿದವರು ಪದರ ಪದರವಾಗಿ ಮಣ್ಣು ಹಾಕಿ, ನೀರು ಚಿಮುಕಿಸಿ, ದಮ್ಮಸು ಮಾಡಿ ಎಬ್ಬಿಸುತ್ತಿದ್ದರು. ಈಗ ಜೆಸಿಬಿ ಒಂದೆರಡು ದಿನದಲ್ಲಿ ಗುಡ್ಡೆ ಹಾಕಿ ಹೋಗುತ್ತದೆ. ಒಳಗೆ ಸಡಿಲವಿದ್ದ ಮಣ್ಣು ಮೊದಲ ದೊಡ್ಡ ಮಳೆಗೆ ಕುಸಿಯುತ್ತದೆ, ಏರಿಯ ನೆತ್ತಿ ತಗ್ಗುತ್ತದೆ, ನೀರು ಅಲ್ಲೇ ದಾರಿ ಮಾಡಿಕೊಳ್ಳುತ್ತದೆ. ಇನ್ನು ತೂಬು. ಪೈಪಿನ ಸುತ್ತ ಮಣ್ಣು ಗಟ್ಟಿಯಾಗಿ ಕೂರದಿದ್ದರೆ ನೀರು ಪೈಪಿನ ಹೊರಮೈಯನ್ನೇ ಹಿಡಿದು ನುಸುಳುತ್ತದೆ. ಹೆಗ್ಗಣದ ಬಿಲ, ಏಡಿಯ ತೂತು, ಬಳ್ಳಾರಿ ಜಾಲಿಯ ಒಣಗಿದ ಬೇರು, ಎಲ್ಲವೂ ನೀರಿಗೆ ದಾರಿ. ಏರಿಯ ಬುಡದಲ್ಲಿ ತಿಳಿನೀರು ಒಸರುತ್ತಿದ್ದರೆ ಕಣ್ಣಿಟ್ಟಿರಬೇಕು. ಕೆಂಪಗೆ, ಕದಡಿ ಬಂದರೆ ಅದು ಏರಿಯ ಮಣ್ಣನ್ನೇ ಹೊತ್ತು ತರುತ್ತಿದೆ, ಕೆಳಗಿನವರು ಆಗಲೇ ಮನೆ ಬಿಡಬೇಕು.

ಎಲ್ಲಕ್ಕಿಂತ ದೊಡ್ಡ ತಪ್ಪು ಕೋಡಿಯಲ್ಲಿ ಆಗುತ್ತದೆ. ಇನ್ನೆರಡು ಅಡಿ ನೀರು ನಿಲ್ಲಲಿ ಎಂದು ಮರಳಿನ ಮೂಟೆ ಇಡುತ್ತಾರೆ, ಮೀನು ಹೋಗದಿರಲೆಂದು ಬಲೆ ಕಟ್ಟುತ್ತಾರೆ. ಬಲೆಗೆ ಕಸ ಕಟ್ಟಿ ಕೋಡಿ ಮುಚ್ಚುತ್ತದೆ. ಬೇಸಿಗೆಯ ಬವಣೆ ಕಂಡವರು ನೀರಿಗೆ ಆಸೆ ಪಡುವುದು ಸಹಜ, ಅವರನ್ನು ಬಯ್ಯಲಾರೆ. ಆದರೆ ಏರಿಯ ಮೇಲೆ ಹಾದ ನೀರು ಮಣ್ಣನ್ನು ಕಡಿಯಲು ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಕೆರೆಗಳು ಉಕ್ಕಿ ಬೆಂಗಳೂರು–ಮೈಸೂರು ಹೆದ್ದಾರಿ ಮುಳುಗಿದ್ದನ್ನು ಈ ಸೀಮೆಯವರು ಕಣ್ಣಾರೆ ಕಂಡಿದ್ದಾರೆ. ಹೆದರಿ ತಟ್ಟನೆ ತೂಬು ಎತ್ತಿ ಕಟ್ಟೆ ಬರಿದು ಮಾಡುವುದೂ ಸಲ್ಲ. ನೆನೆದ ಒಳಮೈ ನೀರಿನ ಆನಿಕೆ ತಪ್ಪಿ ಜರಿಯುತ್ತದೆ. ನಿಧಾನವಾಗಿ ಇಳಿಸಬೇಕು.

ಪೂರಿಗಾಲಿಯಂಥ ಊರುಗಳಲ್ಲಿ ಮುಂಗಾರಿಗೆ ಮೊದಲು ಪಂಚಾಯತಿಯವರು ಸಣ್ಣ ನೀರಾವರಿ ಎಂಜಿನಿಯರನ್ನು ಕರೆದುಕೊಂಡು ಪಟ್ಟಾ ಜಮೀನಿನ ಕಟ್ಟೆಗಳನ್ನೂ ಸುತ್ತಿ ಬರಬೇಕು. ಮಾಲೀಕನನ್ನು ಕಟಕಟೆಗೆ ನಿಲ್ಲಿಸಲು ಹೋಗಬಾರದು. ಹೋದರೆ ಅವನು ಒಸರುವ ಜಾಗ ತೋರಿಸುವುದಿಲ್ಲ. ಕೋಡಿ ಅಗಲಿಸಲು, ಜಾಲಿ ಕೀಳಲು ಉದ್ಯೋಗ ಖಾತರಿಯ ಆಳು ಕೊಡಲಿ. ಪ್ರತಿ ಕಟ್ಟೆಯ ಕೆಳಗೆ ಯಾರ ಮನೆ, ಯಾವ ರಸ್ತೆ, ಇನ್ನಾವ ಕೆರೆ ಇದೆ ಎಂಬುದನ್ನು ಬರೆದು ಪಂಚಾಯತಿ ಕಚೇರಿಯ ಗೋಡೆಗೆ ಹಾಕಲಿ. ಜೋರು ಮಳೆಯ ರಾತ್ರಿ ಮಾಲೀಕ ಮೊದಲು ಯಾರಿಗೆ ಫೋನು ಮಾಡಬೇಕೆಂಬುದೂ ಅದೇ ಹಾಳೆಯಲ್ಲಿರಲಿ.