ಆಸ್ಟ್ರೋಡೋಮ್: ಜನರ ಸಾಲದಲ್ಲಿ ಎದ್ದ ಗುಮ್ಮಟ

ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಒಂದು ದೈತ್ಯ ಕ್ರೀಡಾಂಗಣ ಖಾಲಿ ನಿಂತಿದೆ. ಹೆಸರು ಆಸ್ಟ್ರೋಡೋಮ್. ಬೇಸ್‌ಬಾಲ್ ಆಡುವಷ್ಟು ವಿಶಾಲವಾದ, ಪೂರ್ತಿ ಚಾವಣಿ ಹೊದ್ದ, ಹವಾನಿಯಂತ್ರಿತ ಕ್ರೀಡಾಂಗಣ ಜಗತ್ತಿನಲ್ಲಿ ಇದೇ ಮೊದಲು. ಇದನ್ನು ಎಂಜಿನಿಯರಿಂಗ್ ಸಾಹಸ ಅಂತ ಹೊಗಳುವವರು ಬಹಳ. ನನಗೆ ಮುಖ್ಯ ಅನಿಸೋದು ಇದರ ಹಿಂದಿನ ದುಡ್ಡು ಮತ್ತು ಮತದ ಕಥೆ.

ಹ್ಯೂಸ್ಟನ್ ಅಂದರೆ ಸೆಕೆ, ಮಳೆ, ಸೊಳ್ಳೆ. ಚಾವಣಿ ಇರುವ ಕ್ರೀಡಾಂಗಣ ಕಟ್ಟುತ್ತೇವೆ ಅಂತ ಮಾತು ಕೊಟ್ಟೇ ನಗರ ಬೇಸ್‌ಬಾಲ್ ತಂಡ ಪಡೆಯಿತು. ಮಾಜಿ ಮೇಯರ್ ರಾಯ್ ಹಾಫ್‌ಹೈನ್ಜ್ ಇದರ ಮುಂದಾಳು. ಖರ್ಚಿನ ಬಹುಪಾಲು ಮಾತ್ರ ಹ್ಯಾರಿಸ್ ಕೌಂಟಿಯದು (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ). ಅದಕ್ಕೆ ಸಾಲ ಎತ್ತಲು ಮತದಾರರ ಒಪ್ಪಿಗೆ ಬೇಕಿತ್ತು.

ಆಗ ಹ್ಯೂಸ್ಟನ್‌ನ ಹೋಟೆಲು, ಸಿನಿಮಾ ಮಂದಿರಗಳಲ್ಲಿ ಕಪ್ಪು ಜನರನ್ನು ದೂರವಿಡುವ ಪದ್ಧತಿ ಇತ್ತು. ಕಪ್ಪು ಸಮುದಾಯದ ನಾಯಕ ಕ್ವೆಂಟಿನ್ ಮೀಸ್ ಒಂದೇ ಷರತ್ತು ಹಾಕಿದರು: ಕ್ರೀಡಾಂಗಣದಲ್ಲಿ ಯಾವ ಭೇದವೂ ಇರಕೂಡದು, ಹಾಗಾದರೆ ನಮ್ಮ ಬೆಂಬಲ. ಪ್ರವರ್ತಕರು ಒಪ್ಪಿದರು. 1961ರ ಜನವರಿಯಲ್ಲಿ ಸಾಲಕ್ಕೆ ಮತದಾರರ ಅನುಮೋದನೆ ಸಿಕ್ಕಿತು. ಭೇದವನ್ನು ನಿಷೇಧಿಸಿದ ನಾಗರಿಕ ಹಕ್ಕು ಕಾಯ್ದೆ ಬಂದದ್ದು 1964ರಲ್ಲಿ, ನೆನಪಿರಲಿ.

1965ರ ಏಪ್ರಿಲ್ 9ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಮ್ಮುಖದಲ್ಲಿ ಮೊದಲ ಪಂದ್ಯ ನಡೆಯಿತು. ಒಳಗೆ ಒಂದೂ ಕಂಬವಿಲ್ಲದೆ 642 ಅಡಿ ಅಗಲದ ಗುಮ್ಮಟ. ಬೆಳಕಿಗಾಗಿ ಚಾವಣಿಗೆ ಪಾರದರ್ಶಕ ಫಲಕ ಹಾಕಿದ್ದರು. ಅದರ ಪ್ರಖರ ಬೆಳಕಿಗೆ ಆಟಗಾರರಿಗೆ ಚೆಂಡೇ ಕಾಣದಾಯಿತು. ಫಲಕಗಳಿಗೆ ಬಣ್ಣ ಬಳಿದರು, ಹುಲ್ಲು ಸತ್ತಿತು. 1966ರಲ್ಲಿ ಕೃತಕ ಹುಲ್ಲು ಹಾಸಿದರು. ಆಸ್ಟ್ರೋಟರ್ಫ್ ಅನ್ನೋ ಹೆಸರು ಬಂದದ್ದು ಹೀಗೆ.

ಇನ್ನೊಂದು ವಿಷಯ. ಬಣ್ಣದ ಗೋಡೆ ಒಡೆದ ಇದೇ ಕ್ರೀಡಾಂಗಣ ದುಡ್ಡಿನ ಗೋಡೆ ಕಟ್ಟಿತು. ಸಿರಿವಂತರಿಗೆ ಮೇಲಂತಸ್ತಿನಲ್ಲಿ ಐಷಾರಾಮಿ ಖಾಸಗಿ ಕೋಣೆಗಳಿದ್ದವು. ಇವತ್ತು ಎಲ್ಲ ದೊಡ್ಡ ಕ್ರೀಡಾಂಗಣಗಳಲ್ಲೂ ಅವು ಮಾಮೂಲು.

1973ರಲ್ಲಿ ಬಿಲ್ಲಿ ಜೀನ್ ಕಿಂಗ್ ಟೆನಿಸ್‌ನಲ್ಲಿ ಬಾಬ್ಬಿ ರಿಗ್ಸ್‌ನನ್ನು ಸೋಲಿಸಿದ್ದು ಇಲ್ಲೇ. 2005ರಲ್ಲಿ ಕತ್ರಿನಾ ಚಂಡಮಾರುತಕ್ಕೆ ಮನೆ ಕಳಕೊಂಡ ಸಾವಿರಾರು ಜನ ಮಲಗಿದ್ದೂ ಇಲ್ಲೇ.

ಈ ನಡುವೆ 1987ರಲ್ಲಿ ಆಯಿಲರ್ಸ್ ಫುಟ್‌ಬಾಲ್ ತಂಡದ ಮಾಲೀಕ ಬಡ್ ಆಡಮ್ಸ್, ಸೀಟು ಹೆಚ್ಚಿಸದಿದ್ದರೆ ಊರು ಬಿಡುತ್ತೇನೆ ಅಂದ. ಕೌಂಟಿ ಸುಮಾರು 6.7 ಕೋಟಿ ಡಾಲರ್ ಸುರಿಯಿತು. ಹೆಸರಾದ ಸ್ಕೋರ್‌ಬೋರ್ಡನ್ನೇ ಕಿತ್ತು ಸೀಟು ಹಾಕಿತು. 1996ರ ಋತು ಮುಗಿದ ಮೇಲೆ ತಂಡ ಟೆನೆಸೀಗೆ ಹೊರಟೇಹೋಯಿತು. ಸಾಲ ಜನರ ತಲೆ ಮೇಲೆ ಉಳಿಯಿತು. 1999ರ ನಂತರ ಬೇಸ್‌ಬಾಲ್ ತಂಡವೂ ಹೊಸ ಕ್ರೀಡಾಂಗಣಕ್ಕೆ ಹೋಯಿತು. ನವೀಕರಣಕ್ಕೆ 21.7 ಕೋಟಿ ಡಾಲರ್ ಸಾಲದ ಪ್ರಸ್ತಾವವನ್ನು 2013ರಲ್ಲಿ ಮತದಾರರು ತಿರಸ್ಕರಿಸಿದರು. ಈಗದು ರಾಜ್ಯದ ಸಂರಕ್ಷಿತ ಸ್ಮಾರಕ. ಸುಲಭವಾಗಿ ಕೆಡವುವಂತಿಲ್ಲ, ಬಳಕೆಯೂ ಇಲ್ಲ.

ಮೊದಲ ಸಲ ಷರತ್ತು ಹಾಕಿದ್ದು ಮತದಾರರು, ಎರಡನೇ ಸಲ ತಂಡದ ಮಾಲೀಕ. ಎರಡೂ ಸಲ ದುಡ್ಡು ಜನರದೇ. ಯಾವ ಊರಲ್ಲೇ ಆಗಲಿ, ಹೊಸ ಕ್ರೀಡಾಂಗಣದ ಬಣ್ಣಬಣ್ಣದ ಚಿತ್ರ ಕಂಡಾಗ ನಾನು ಮೊದಲು ಹುಡುಕೋದು ಇದನ್ನೇ: ಷರತ್ತು ಯಾರದು?