ಎ.ಎನ್.ಎಂ. ಮತ್ತು ಜಿ.ಎನ್.ಎಂ. ಶುಶ್ರೂಷಾ ತರಬೇತಿ ಹಾಗೂ ಉದ್ಯೋಗಾವಕಾಶಗಳು: ಜಕ್ಕಲಿ ಮತ್ತು ಸುತ್ತಲಿನ ಗ್ರಾಮಗಳ ಅಭ್ಯರ್ಥಿಗಳಿಗೆ ಮಾಹಿತಿ

ಪೀಠಿಕೆ

ಗದಗ ಜಿಲ್ಲೆಯ ಜಕ್ಕಲಿ, ನರೇಗಲ್ಲ, ರೋಣ ಹಾಗೂ ಗಜೇಂದ್ರಗಡ ಭಾಗದ ವಿದ್ಯಾರ್ಥಿಗಳು ದ್ವಿತೀಯ ಪಿಯುಸಿ ಮುಗಿದ ನಂತರ ಶುಶ್ರೂಷಾ ವೃತ್ತಿಗೆ ಸೇರಲು ಇರುವ ಮಾರ್ಗಗಳನ್ನು ಇಲ್ಲಿ ವಿವರಿಸಲಾಗಿದೆ. ಅಮೆರಿಕ ಮೊದಲಾದ ದೇಶಗಳಲ್ಲಿ ಅಲ್ಪಾವಧಿ ತರಬೇತಿ ಪಡೆದು ಪರವಾನಗಿ ಹೊಂದುವ 'ಪ್ರಾಕ್ಟಿಕಲ್ ನರ್ಸ್' ಎಂಬ ವರ್ಗವಿದೆ. ಭಾರತದಲ್ಲಿ ಆ ಹೆಸರಿನ ನೋಂದಣಿ ಇಲ್ಲ. ನಮ್ಮಲ್ಲಿ ಅದಕ್ಕೆ ಸಮೀಪವಾದುದು ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್, ಅಂದರೆ ಎ.ಎನ್.ಎಂ. ತರಬೇತಿ. ಆದ್ದರಿಂದ ಆರು ತಿಂಗಳು ಅಥವಾ ಒಂದು ವರ್ಷದ 'ನರ್ಸಿಂಗ್' ಪ್ರಮಾಣಪತ್ರವನ್ನು ನಂಬಿ ಹಣ ಪಾವತಿಸುವ ಮುನ್ನ ಈ ಮಾಹಿತಿಯನ್ನು ಪೂರ್ಣವಾಗಿ ಓದಿಕೊಳ್ಳುವುದು ಸೂಕ್ತ.

ಎ.ಎನ್.ಎಂ. ಹುದ್ದೆಯ ಸ್ವರೂಪ

1973ರ ಕರ್ತಾರ್ ಸಿಂಗ್ ಸಮಿತಿಯ ಶಿಫಾರಸಿನ ನಂತರ ಎ.ಎನ್.ಎಂ. ತರಬೇತಿ ಪಡೆದವರನ್ನು ವಿವಿಧೋದ್ದೇಶ ಆರೋಗ್ಯ ಕಾರ್ಯಕರ್ತೆಯರನ್ನಾಗಿ ರೂಪಿಸಲಾಯಿತು. ಬಯಲು ಪ್ರದೇಶದಲ್ಲಿ 5,000 ಜನಸಂಖ್ಯೆಗೆ ಒಂದು ಆರೋಗ್ಯ ಉಪಕೇಂದ್ರ ಇರಬೇಕೆಂಬುದು ರಾಷ್ಟ್ರೀಯ ಮಾನದಂಡ. ಗ್ರಾಮಸ್ಥರು 'ಸಿಸ್ಟರ್' ಎಂದು ಕರೆಯುವ ಉಪಕೇಂದ್ರದ ಕಾರ್ಯಕರ್ತೆ ಇವರೇ. ಗರ್ಭಿಣಿಯರ ನೋಂದಣಿ ಮತ್ತು ತಾಯಿ ಕಾರ್ಡ್ ವಿತರಣೆ, ರಕ್ತದೊತ್ತಡ ಹಾಗೂ ಹಿಮೋಗ್ಲೋಬಿನ್ ತಪಾಸಣೆ, ಮಕ್ಕಳ ಲಸಿಕೆ, ಬಾಣಂತಿಯರ ಮನೆ ಭೇಟಿ ಇವರ ಮುಖ್ಯ ಕರ್ತವ್ಯಗಳು. ಕರ್ನಾಟಕದಲ್ಲಿ ಈ ಹುದ್ದೆಯು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂದು ಪರಿಚಿತವಾಗಿತ್ತು. ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ಪದನಾಮವಿದೆ. ಆಶಾ ಕಾರ್ಯಕರ್ತೆಯರ ಕೆಲಸ ಇದಕ್ಕೆ ಪೂರಕವಾದುದೇ ಹೊರತು ಅದು ಶುಶ್ರೂಷಾ ಹುದ್ದೆಯಲ್ಲ.

ತರಬೇತಿ ಮಾರ್ಗಗಳು

1. ಎ.ಎನ್.ಎಂ.: ಅವಧಿ 2 ವರ್ಷ. ಇದರಲ್ಲಿ ಕೊನೆಯ 6 ತಿಂಗಳು ಇಂಟರ್ನ್‌ಶಿಪ್. ಮಹಿಳೆಯರಿಗೆ ಮಾತ್ರ ಪ್ರವೇಶ. ಪಿಯುಸಿಯಲ್ಲಿ ಇಂಗ್ಲಿಷ್ ಒಂದು ವಿಷಯವಾಗಿರತಕ್ಕದ್ದು. ವಿಜ್ಞಾನ ವಿಭಾಗವೇ ಆಗಬೇಕೆಂದಿಲ್ಲ. ವಯೋಮಿತಿ 17ರಿಂದ 35 ವರ್ಷ. ಸಮುದಾಯ ಆರೋಗ್ಯ ಶುಶ್ರೂಷೆ, ಮಕ್ಕಳ ಆರೋಗ್ಯ, ಪ್ರಸೂತಿ ಶುಶ್ರೂಷೆ ಹಾಗೂ ಆರೋಗ್ಯ ಕೇಂದ್ರದ ನಿರ್ವಹಣೆ ಪ್ರಮುಖ ವಿಷಯಗಳು.

2. ಜಿ.ಎನ್.ಎಂ.: ಅವಧಿ 3 ವರ್ಷ. ಪುರುಷರೂ ಸೇರಬಹುದು. ಪಿಯುಸಿಯಲ್ಲಿ ಸಾಮಾನ್ಯವಾಗಿ ಕನಿಷ್ಠ ಶೇ. 40 ಅಂಕ ಅಗತ್ಯ. ವಿಜ್ಞಾನ ಓದಿದವರಿಗೆ ಆದ್ಯತೆ ಇದ್ದರೂ ಇತರರಿಗೂ ಅವಕಾಶವಿದೆ. ನೋಂದಾಯಿತ ಎ.ಎನ್.ಎಂ.ಗಳೂ ಈ ಕೋರ್ಸಿಗೆ ಸೇರಬಹುದು.

3. ಬಿ.ಎಸ್ಸಿ. ನರ್ಸಿಂಗ್: ಅವಧಿ 4 ವರ್ಷ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಪದವಿಯನ್ನು ನೀಡುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಜಿ.ಎನ್.ಎಂ. ಮುಗಿಸಿದವರು 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬಹುದು.

ಹೀಗೆ ಕಲಾ ವಿಭಾಗದಲ್ಲಿ ಪಿಯುಸಿ ಓದಿದ ಬಾಲಕಿಯೂ ಎ.ಎನ್.ಎಂ.ನಿಂದ ಜಿ.ಎನ್.ಎಂ.ಗೆ, ಅಲ್ಲಿಂದ ಪದವಿಗೆ ಹಂತ ಹಂತವಾಗಿ ಏರಬಹುದು. ಆದರೆ ಪ್ರತಿ ಹಂತದಲ್ಲೂ ಹಿಂದಿನ ಕೋರ್ಸು ಮಾನ್ಯತೆ ಪಡೆದಿರಬೇಕು.

ಸೇರುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

* ಶಾಲೆಗೆ ಆ ಶೈಕ್ಷಣಿಕ ವರ್ಷಕ್ಕೆ ಹಾಗೂ ಅದೇ ಕೋರ್ಸಿಗೆ ಮಾನ್ಯತೆ ಇದೆಯೇ ಎಂಬುದನ್ನು ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ವಿಚಾರಿಸಿ. ಶಾಲೆಯ ಫಲಕವಾಗಲಿ, ಮುದ್ರಿತ ಕರಪತ್ರವಾಗಲಿ ಮಾನ್ಯತೆಗೆ ಆಧಾರವಲ್ಲ.
* ಎ.ಎನ್.ಎಂ. ಮತ್ತು ಜಿ.ಎನ್.ಎಂ. ಕೋರ್ಸುಗಳಾದರೆ ಪರೀಕ್ಷೆಯನ್ನು ಯಾವ ಮಂಡಳಿ ನಡೆಸುತ್ತದೆ ಎಂದು ಕೇಳಿ. ಕರ್ನಾಟಕದಲ್ಲಿ ಇದಕ್ಕೆ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ ಇದೆ.
* ವಿದ್ಯಾರ್ಥಿಗಳಿಗೆ ಯಾವ ಆಸ್ಪತ್ರೆಯಲ್ಲಿ ಪ್ರಾಯೋಗಿಕ ತರಬೇತಿ ಎಂಬುದನ್ನು ತಿಳಿದುಕೊಳ್ಳಿ. 'ತರಗತಿಗೆ ಬಾರದಿದ್ದರೂ ನಡೆಯುತ್ತದೆ' ಎನ್ನುವ ಸಂಸ್ಥೆಗೆ ಸೇರಬೇಡಿ. ಸೂಜಿ ಹಿಡಿಯುವುದನ್ನೂ ಹೆರಿಗೆ ನೋಡಿಕೊಳ್ಳುವುದನ್ನೂ ಮನೆಯಲ್ಲಿ ಕುಳಿತು ಕಲಿಯಲು ಸಾಧ್ಯವಿಲ್ಲ.
* ಪಾವತಿಸಿದ ಪ್ರತಿ ರೂಪಾಯಿಗೆ ರಸೀದಿ, ನೀಡಿದ ಪ್ರತಿ ಮೂಲ ದಾಖಲೆಗೆ ಸ್ವೀಕೃತಿ ಪತ್ರ ಪಡೆಯಿರಿ.

ನೋಂದಣಿ

ಉತ್ತೀರ್ಣರಾದ ನಂತರ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸತಕ್ಕದ್ದು. ಸರ್ಕಾರಿ ನೇಮಕಾತಿ, ಹೊರರಾಜ್ಯದ ನೌಕರಿ, ಉನ್ನತ ವ್ಯಾಸಂಗ ಎಲ್ಲಕ್ಕೂ ನೋಂದಣಿ ಪತ್ರವೇ ಆಧಾರ. ಮಾನ್ಯತೆಯಿಲ್ಲದ ಸಂಸ್ಥೆಯಲ್ಲಿ ಓದಿದವರಿಗೆ ನೋಂದಣಿ ದೊರೆಯುವುದಿಲ್ಲ. ಆಗ ಕಳೆದ ವರ್ಷಗಳೂ ಸಾಲ ತಂದು ಕಟ್ಟಿದ ಶುಲ್ಕವೂ ಮರಳಿ ಬರುವುದಿಲ್ಲ.

ಉದ್ಯೋಗಾವಕಾಶಗಳು

ಎ.ಎನ್.ಎಂ. ಮುಗಿಸಿದವರಿಗೆ ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರ ಹಾಗೂ ಖಾಸಗಿ ಹೆರಿಗೆ ಆಸ್ಪತ್ರೆಗಳಲ್ಲಿ ಕೆಲಸ ದೊರೆಯುತ್ತದೆ. ಕಾಯಂ ಹುದ್ದೆಗಳಿಗೆ ಅಧಿಸೂಚನೆ ಪ್ರತಿ ವರ್ಷ ಹೊರಡುವುದಿಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಹುದ್ದೆಗಳು ಗುತ್ತಿಗೆ ಆಧಾರದವು. ವೇತನ ಮತ್ತು ಸೇವಾ ಭದ್ರತೆಯಲ್ಲಿ ಕಾಯಂ ಹುದ್ದೆಗಿಂತ ಭಿನ್ನ. ಸೇವೆಯಲ್ಲಿರುವವರಿಗೆ 6 ತಿಂಗಳ ಬಡ್ತಿ ತರಬೇತಿಯ ಮೂಲಕ ಮೇಲ್ವಿಚಾರಕ ಹುದ್ದೆಯ ದಾರಿ ಇದೆ. ಆಸ್ಪತ್ರೆಯ ವಾರ್ಡಿನ ಶುಶ್ರೂಷಾಧಿಕಾರಿ ಹುದ್ದೆಗೆ ಎ.ಎನ್.ಎಂ. ಸಾಲದು; ಜಿ.ಎನ್.ಎಂ. ಅಥವಾ ಪದವಿ ಬೇಕು. ವಿದೇಶಕ್ಕೆ ಹೋಗಬಯಸುವವರೂ ಆರಂಭದಲ್ಲಿಯೇ ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದು ಲೇಸು.

ಸ್ಥಳೀಯ ಅಭ್ಯರ್ಥಿಗಳ ವಿಶೇಷ ಗಮನಕ್ಕೆ

ಗದಗ ಜಿಲ್ಲೆಯು ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಗೆ ಬರುವುದಿಲ್ಲ. ನೆರೆಯ ಕೊಪ್ಪಳ ಜಿಲ್ಲೆ ಬರುತ್ತದೆ. ಆದಕಾರಣ ಗಜೇಂದ್ರಗಡದ ಆಚೆಯ ಯಲಬುರ್ಗಾ, ಕುಷ್ಟಗಿಯ ಅಭ್ಯರ್ಥಿಗಳಿಗೆ ದೊರೆಯುವ ಆ ಮೀಸಲಾತಿಯು ಜಕ್ಕಲಿಯವರಿಗೆ ಅನ್ವಯಿಸದು. ಆದರೆ 1ರಿಂದ 10ನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯ ಸರ್ಕಾರದ ನೇಮಕಾತಿಗಳಲ್ಲಿ ಪ್ರತ್ಯೇಕ ಮೀಸಲಾತಿ ಇದೆ. ಈ ಪ್ರಮಾಣಪತ್ರಗಳಿಗೆ ಮುಖ್ಯೋಪಾಧ್ಯಾಯರ ಸಹಿ ಹಾಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಅಧಿಸೂಚನೆ ಬಂದ ಮೇಲೆ ಓಡಾಡುವ ಬದಲು ಮೊದಲೇ ವಿಚಾರಿಸಿ ಸಿದ್ಧಪಡಿಸಿಕೊಳ್ಳಿ.

ಸಿದ್ಧವಾಗಿರಬೇಕಾದ ದಾಖಲೆಗಳು

ಎಸ್.ಎಸ್.ಎಲ್.ಸಿ. ಮತ್ತು ಪಿಯುಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ವೈದ್ಯಕೀಯ ಅರ್ಹತಾ ಪತ್ರ, ಭಾವಚಿತ್ರಗಳು. ಅರ್ಹ ವಿದ್ಯಾರ್ಥಿಗಳು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಬಹುದು.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಖಾಸಗಿ ಆಸ್ಪತ್ರೆಯಲ್ಲಿ ಐದು ವರ್ಷ ಕೆಲಸ ಮಾಡಿದ ಅನುಭವ ಪತ್ರವಿದೆ. ನೋಂದಣಿ ಸಿಗುವುದೇ?
ಉತ್ತರ: ಇಲ್ಲ. ಅನುಭವವು ಮಾನ್ಯತೆ ಪಡೆದ ಕೋರ್ಸಿಗೆ ಬದಲಿಯಾಗದು. ವಯೋಮಿತಿಯೊಳಗಿದ್ದರೆ ಕೋರ್ಸಿಗೆ ಸೇರಬಹುದು.

ಪ್ರಶ್ನೆ: ಮದುವೆಯಾದವರು ಸೇರಬಹುದೇ?
ಉತ್ತರ: ವಿದ್ಯಾರ್ಹತೆ, ವಯಸ್ಸು ಹಾಗೂ ದೈಹಿಕ ಅರ್ಹತೆ ಇದ್ದಲ್ಲಿ ಸೇರಬಹುದು. ಆಸ್ಪತ್ರೆ ತರಬೇತಿಯಲ್ಲಿ ರಾತ್ರಿ ಪಾಳಿಯೂ ಇರುವುದರಿಂದ ಮನೆಯವರೊಂದಿಗೆ ಮೊದಲೇ ಮಾತನಾಡಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಎ.ಎನ್.ಎಂ., ಜಿ.ಎನ್.ಎಂ. ಎರಡಕ್ಕೂ ಅರ್ಹತೆ ಇದೆ. ಯಾವುದು ಸೂಕ್ತ?
ಉತ್ತರ: ಊರಿನ ಸಮೀಪ ಸಮುದಾಯದ ನಡುವೆ ಕೆಲಸ ಮಾಡುವ ಇಚ್ಛೆಯುಳ್ಳವರಿಗೆ ಎ.ಎನ್.ಎಂ. ಸೂಕ್ತ. ಒಂದು ವರ್ಷ ಹೆಚ್ಚು ಓದಲು ಅನುಕೂಲವಿದ್ದರೆ ಜಿ.ಎನ್.ಎಂ.ನಿಂದ ಹೆಚ್ಚಿನ ಹುದ್ದೆಗಳಿಗೆ ಅವಕಾಶ ತೆರೆಯುತ್ತದೆ.

ಸೂಚನೆ: ಶುಲ್ಕ, ಪ್ರವೇಶ ದಿನಾಂಕ ಮತ್ತು ವಯೋಸಡಿಲಿಕೆ ಕಾಲಕಾಲಕ್ಕೆ ಬದಲಾಗುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನೇ ಅಂತಿಮವೆಂದು ಪರಿಗಣಿಸತಕ್ಕದ್ದು.